ಕೆಳಮನೆಯ ಸಿವರ್ಟ್ ಮಾಡಿದ ದಿನಚರಿ

ಸಿವರ್ಟ್ ನಮ್ಮ ಕೆಳಮನೆಗೆ ಬಾಡಿಗೆಗೆ ಬಂದದ್ದು ಏಪ್ರಿಲ್ ಹನ್ನೊಂದು, ಗುರುವಾರ. ವಾಯುವ್ಯದ ಗಾಳಿ, ನಡುನಡುವೆ ಆಲಿಕಲ್ಲು. ದಿನದ ಪುಸ್ತಕದಲ್ಲಿ ಬರೆದಿದೆ, ಹಾಗಾಗಿ ಖಾತ್ರಿಯಾಗಿ ಹೇಳುತ್ತೇನೆ. ಎರಡು ಪೆಟ್ಟಿಗೆ, ಒಂದು ಜೊತೆ ಸ್ಕೀ, ಒಂದು ಕಾಫಿ ಪಾತ್ರೆ, ಕಂಬಳಿಯಲ್ಲಿ ಸುತ್ತಿದ ಕಂಪ್ಯೂಟರ್. ಮೂವತ್ತೇಳು ವರ್ಷದ ಗಂಡಸಿನ ಸಾಮಾನು ಅಷ್ಟೇ. ಬಾಗಿಲಲ್ಲಿ ಬೂಟು ಬಿಚ್ಚಿ, ಮೂತಿ ಹೊರಗೆ ಮಾಡಿ ಜೋಡಿಸಿಟ್ಟ. ಬೂಟಿನ ಮೂತಿ ಹೊರಗಿಟ್ಟವನು ಹೆಚ್ಚು ದಿನ ನಿಲ್ಲುವುದಿಲ್ಲ ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಇವನು ಈಗಲೂ ಇದ್ದಾನೆ.

ದಿನದ ಪುಸ್ತಕ ಶುರು ಮಾಡಿದ್ದು ನನ್ನ ಯಜಮಾನರು, ಆನ್ಸ್‌ಗಾರ್, ಮದುವೆಯಾದ ವರ್ಷ. ಗಾಳಿ, ಸಮುದ್ರ, ಮೀನು, ಅವತ್ತು ಮಾಡಿದ ಕೆಲಸ. ದಿನಕ್ಕೆ ಒಂದು ಸಾಲು, ಹೆಚ್ಚೆಂದರೆ ಎರಡು. ಈ ದ್ವೀಪದಲ್ಲಿ ದೋಣಿ ಇದ್ದವರ ಮನೆಯಲ್ಲೆಲ್ಲ ಅಂಥದ್ದೊಂದು ಪುಸ್ತಕ ಇತ್ತು. ಅವರು ಹೋದ ಮೇಲೆ ನಾನು ಮುಂದುವರಿಸಿದೆ. ನಾನು ಶಾಲೆಗೆ ಹೋದದ್ದು ಏಳು ವರ್ಷ, ಅದೂ ದಿನ ಬಿಟ್ಟು ದಿನ. ಆಗ ಇಲ್ಲಿ ಶಾಲೆಯೇ ಹಾಗಿತ್ತು. ಕಾಡ್ ಮೀನು ಬರುವ ತಿಂಗಳುಗಳಲ್ಲಿ ಆ ಅರ್ಧವೂ ಇಲ್ಲ, ಅಮ್ಮನ ಪಕ್ಕ ನಿಂತು ಮೀನು ಸೀಳುತ್ತಿದ್ದೆ. ಹಾಗಾಗಿ ನಾನು ಒಂದು ಸಾಲು ಬರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಆರಿಹೋಗುತ್ತದೆ.

ಗಾಳಿ ನೋಡಬೇಕಾದರೆ ಮನೆಯ ಹಿಂದಿನ ದಿಬ್ಬ ಹತ್ತಬೇಕು. ಮೂವತ್ತನಾಲ್ಕು ಮೆಟ್ಟಿಲು. ಮೇಲೆ ಬಾವುಟದ ಕಂಬ, ಅದರ ತುದಿಗೆ ಉದ್ದನೆಯ ಪಟ್ಟಿ ಬಾವುಟ. ಅಡುಗೆಮನೆಯಿಂದ ಅದು ಕಾಣುವುದಿಲ್ಲ, ದೋಣಿಮನೆಯ ಮಾಡು ಅಡ್ಡ. ಬೆಳಗ್ಗೆ ಹತ್ತುವುದು, ನೋಡುವುದು, ಇಳಿದು ಬಂದು ಬರೆಯುವುದು. ಆನ್ಸ್‌ಗಾರ್ ಹಾಗೆ ಮಾಡಿದರು, ನಾನೂ ಹಾಗೇ ಮಾಡಿದೆ.

ಸಿವರ್ಟ್ ಹೊರಗಿನವನಲ್ಲ. ದ್ವೀಪದ ಬಡಗಣ ತುದಿಯವನು, ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದ ಕೋರೆ ಎಂಬುವನ ಮಗ. ಟ್ರೋಂಡ್‌ಹೈಮ್‌ ಪಟ್ಟಣದಲ್ಲಿ ಓದಿ, ಹಡಗುಗಳಿಗೆ ದಾರಿ ತೋರಿಸುವ ಪರದೆಗಳ ಕೆಲಸ ಒಂಬತ್ತು ವರ್ಷ ಮಾಡಿದ. ಆಮೇಲೆ ಒಂದು ಅಕ್ಟೋಬರ್‌ನಲ್ಲಿ ಹಾಸಿಗೆಯಿಂದ ಏಳಲು ಆಗಲಿಲ್ಲ. ಕೈಕಾಲು ಸರಿಯಾಗೇ ಇತ್ತು. ಏಳುವುದು ಮಾತ್ರ ಆಗಲಿಲ್ಲ. ಏಳು ತಿಂಗಳು ಹಾಗೇ. ಹೆಂಡತಿ ಆಗಿದ್ದವಳು ಬೇರೆ ಮನೆ ಮಾಡಿದಳು, ಜಗಳವಿಲ್ಲದೆ. ಒಬ್ಬ ದಾದಿ ಅವನಿಗೆ ಹೇಳಿದಳಂತೆ, ದಿನಾ ಸಂಜೆ ಮೂರು ಸಾಲು ಬರಿ, ಏನು ತಿಂದೆ, ಎಲ್ಲಿಗೆ ಹೋದೆ, ಯಾರನ್ನು ನೋಡಿದೆ, ಇಷ್ಟು ಸಾಕು ಅಂತ. ಫೋನಿನಲ್ಲಿ ಬರೆದ.

ಇದನ್ನು ಅವನು ನನಗೆ ಹೇಳಿದ್ದು ಬಂದು ಮೂರನೇ ವರ್ಷಕ್ಕೆ, ಸೌದೆ ಒಡೆಯುತ್ತಾ.

"ಮೊದಲನೇ ದಿನ ಏನ್ ಬರ್ದೆ?" ಅಂತ ಕೇಳಿದೆ.

"ಮೊಟ್ಟೆ ಬೇಯ್ಸ್ದೆ ಅಂತ."

"ಇನ್ನೆರಡು ಸಾಲು?"

"ಅದೇ. ಮೂರು ಮೊಟ್ಟೆ ಬೇಯ್ಸಿದ್ದೆ."

ಆ ಮೂರು ಸಾಲೇ ಅವನನ್ನು ಎಬ್ಬಿಸಿ ನಿಲ್ಲಿಸಿದ್ದು. ಹಾಗಾಗಿ ಬೇರೆಯವರಿಗೂ ಅಂಥದ್ದೊಂದು ಮಾಡಿಕೊಡಬೇಕು ಅಂತ ಹಟ ಹಿಡಿದ. ಫೋನಿನಲ್ಲಿ ಬರೆಯುವ ದಿನಚರಿ. ಹೆಸರು "ಇವತ್ತು". ನಾಲ್ಕು ವರ್ಷ ಅದೊಂದನ್ನೇ ಮಾಡಿದ. ನಾನು ನೋಡಿದ್ದು ಇಷ್ಟು: ಬೆಳಗ್ಗೆ ನಾನು ದಿಬ್ಬ ಇಳಿಯುವಾಗ ಕೆಳಮನೆಯ ಕಿಟಕಿಯಲ್ಲಿ ಕಂಪ್ಯೂಟರಿನ ಪರದೆ ಬೆಳಗುತ್ತಿರುತ್ತಿತ್ತು. ಕಂದು ಚೀಸ್ ಹಚ್ಚಿದ ಬ್ರೆಡ್ಡನ್ನು ನಿಂತೇ ತಿನ್ನುತ್ತಿದ್ದ. ಸ್ಕೀಗಳು ಮೆಟ್ಟಿಲ ಕೆಳಗೆ ಇಟ್ಟಲ್ಲೇ ಇದ್ದವು, ಎರಡನೇ ಚಳಿಗಾಲಕ್ಕೆ ಜೇಡ ಬಲೆ ಕಟ್ಟಿತ್ತು. ಕೆಲಸ ಹೇಗೆ ನಡೀತಿದೆ ಅಂದರೆ ಉಸಿರನ್ನು ಒಳಗೆ ಎಳೆದುಕೊಂಡು "ಹೂಂ" ಅನ್ನುತ್ತಿದ್ದ. ನಮ್ಮ ಕಡೆಯ ಗಂಡಸರೆಲ್ಲ ಹಾಗೇ ಅನ್ನುವುದು. ಅದರಿಂದ ಏನೂ ತಿಳಿಯುವುದಿಲ್ಲ.

ನಾಲ್ಕನೇ ಚಳಿಗಾಲಕ್ಕೆ ಅವನಿಗೊಂದು ದಾರಿ ಕಂಡಿತು. ಕತ್ತಲೆಯ ತಿಂಗಳುಗಳಲ್ಲಿ ವಯಸ್ಸಾದವರು ಮನೆಯಲ್ಲಿ ಒಬ್ಬೊಬ್ಬರೇ ಕುಸಿಯುತ್ತಾರೆ, ಮನೆಮನೆಗೆ ದಾದಿಯರನ್ನು ಕಳಿಸಲು ಜನ ಇಲ್ಲ ಅಂತ ನಮ್ಮ ಭಾಗದ ಆರೋಗ್ಯ ಕಚೇರಿಗೆ ಚಿಂತೆಯಾಗಿತ್ತು. ಅಲ್ಲಿನ ಹೆರ್ಡಿಸ್ ಎಂಬ ಹೆಂಗಸು ಸಿವರ್ಟ್‌ನ ದಿನಚರಿಯನ್ನು ನೋಡಿ ಒಪ್ಪಿದಳು. ಮೂವತ್ತು ಜನ, ಹತ್ತು ವಾರ ಬರೆಯಲಿ. ಯಾರು ಕುಸಿಯುತ್ತಿದ್ದಾರೆ ಅನ್ನುವುದನ್ನು ಅದು ತೋರಿಸಿಕೊಟ್ಟರೆ ಕಚೇರಿ ಅದನ್ನು ಇಡೀ ಭಾಗಕ್ಕೆ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ ಇಲ್ಲ. ಇಲ್ಲ ಅಂದರೆ ಸಿವರ್ಟ್ ಕಂಪ್ಯೂಟರ್ ಮುಚ್ಚಿ ಬೇರೆ ಕೆಲಸ ಹುಡುಕಬೇಕು. ಇದನ್ನು ಅವನೇ ಹೇಳಿದ, ಬೂಟಿನ ಲಾಡಿ ಕಟ್ಟುತ್ತಾ, ತಲೆ ಎತ್ತದೆ.

ನಾನೂ ಸೇರಿ ಮೂವತ್ತು ಜನ ಸಿಕ್ಕಿದ್ದು ಪ್ರಾರ್ಥನಾ ಮಂದಿರದ ನೆಲಮಾಳಿಗೆಯಲ್ಲಿ. ಗುರುವಾರ ಹನ್ನೊಂದಕ್ಕೆ ಅಲ್ಲಿ ಕಾಫಿ, ಬಿಸಿ ಅಚ್ಚುರೊಟ್ಟಿಯಂಥ ವ್ಯಾಫಲ್, ಜಾಮ್. ಜನವರಿಯ ಎರಡನೇ ಗುರುವಾರ ಸಿವರ್ಟ್ ಬೂದು ಸ್ವೆಟರ್ ಹಾಕಿಕೊಂಡು ಎದುರಿಗೆ ನಿಂತ. ಪ್ರತಿ ಸಂಜೆ ಫೋನು ಕೇಳುತ್ತದೆ, ಇವತ್ತು ಹೇಗಿತ್ತು ಅಂತ. ಐದು ಮುಖ ಇರುತ್ತವೆ, ತುಂಬಾ ನಗುವುದರಿಂದ ಹಿಡಿದು ಅಳುವುದರವರೆಗೆ. ಒಂದನ್ನು ಒತ್ತಬೇಕು. ಆಮೇಲೆ ಮೂರು ಸಾಲು.

"ಮುಖ ಕಚೇರಿಗೆ ಕಾಣುತ್ತೆ," ಅಂದ. "ಸಾಲು ಯಾರಿಗೂ ಕಾಣಲ್ಲ. ಬೀಗ ಹಾಕಿರುತ್ತೆ. ಕೀಲಿ ನಿಮ್ಮ ಫೋನಲ್ಲೇ. ನನ್ನ ಹತ್ರಾನೂ ಇಲ್ಲ."

"ನಿನ್ನ ಹತ್ರಾನೂ ಇಲ್ವಾ?" ಅಂದಳು ಒಡ್‌ನಿ. ಅವಳು ನಮ್ಮ ಪಕ್ಕದ ಮನೆಯವಳು, ನನ್ನ ಹಾಗೇ ಗಂಡ ಇಲ್ಲದವಳು, ನಾಲಿಗೆ ಮಾತ್ರ ನನ್ನದಕ್ಕಿಂತ ಉದ್ದ. "ಬೀಗ ಮಾಡಿ ಕೀಲಿ ಇಟ್ಕೊಳ್ದೆ ಇರೋನು ನೀನೊಬ್ಬನೇ ಇರ್ಬೇಕು ಕಣಯ್ಯಾ. ನಿಮ್ಮಪ್ಪನೂ ಹೀಗೇ, ಎಂಜಿನ್ ಬಿಚ್ಚಿ ಮೊಳೆ ಮರೀತಿದ್ದ."

ಎಲ್ಲರೂ ನಕ್ಕರು. ಸಿವರ್ಟ್ ಕೂಡ. ಬೀಗದ ಮಾತನ್ನು ಅವನು ಅವತ್ತು ಮೂರು ಸಲ ಹೇಳಿದ. ನಾನು ಎಣಿಸಿದ್ದೆ.

ನಾಲ್ಕು ವಾರ ಮೂವತ್ತು ಜನರೂ ತಪ್ಪದೆ ಬರೆದರು. ನಮ್ಮವರು ಒಪ್ಪಿಕೊಂಡದ್ದನ್ನು ಮಾಡುತ್ತಾರೆ, ಅದರಲ್ಲಿ ದೂರಿಲ್ಲ. ಐದನೇ ಗುರುವಾರ ಹೆರ್ಡಿಸ್ ಬಂದಳು. ಐವತ್ತೈದರ ಹತ್ತಿರದ ಹೆಂಗಸು, ಕಾರಿನ ಕೀಲಿಯನ್ನು ಕೈಯಿಂದ ಕೆಳಗಿಡುವುದಿಲ್ಲ. ಅವಳ ಹತ್ತಿರ ಒಂದು ದೊಡ್ಡ ಪರದೆ ಇತ್ತು. ಪರದೆಯ ಮೇಲೆ ಮೂವತ್ತು ಗೆರೆ, ಒಬ್ಬೊಬ್ಬರಿಗೆ ಒಂದೊಂದು. ಮೂವತ್ತೂ ಮೇಜಿನ ಅಂಚಿನ ಹಾಗೆ ನೆಟ್ಟಗೆ, ಒಂದರ ಕೆಳಗೆ ಒಂದು, ನೇಗಿಲು ಹೊಡೆದ ಸಾಲಿನ ಹಾಗೆ.

"ಇದೇನ್ ಸಿವರ್ಟ್, ಕೆಟ್ಟೋಗಿದ್ಯಾ?" ಅಂದಳು.

"ಕೆಟ್ಟಿಲ್ಲ," ಅಂದ. "ಎಲ್ರೂ ನಡುವಿನ ಮುಖಾನೇ ಒತ್ತಿದಾರೆ."

"ಎಲ್ರೂ? ದಿನಾ?"

"ದಿನಾ."

ಹೆರ್ಡಿಸ್ ನಮ್ಮ ಕಡೆ ತಿರುಗಿದಳು. ನಾವೆಲ್ಲ ವ್ಯಾಫಲ್ ನೋಡುತ್ತಾ ಕೂತೆವು. ಕೊನೆಗೆ ಒಡ್‌ನಿಯೇ ಬಾಯಿ ಬಿಟ್ಟಳು.

"ನೋಡಮ್ಮ, ನಗೋ ಮುಖ ಒತ್ತಿದ್ರೆ ಜಂಬ ಕೊಚ್ಚಿದ ಹಾಗೆ. ಅಳೋದು ಒತ್ತಿದ್ರೆ ಭಿಕ್ಷೆಗೆ ಕೈ ಚಾಚಿದ ಹಾಗೆ. ಇನ್ನೆರಡು ಅದರ ತಮ್ಮಂದಿರು. ಉಳಿದಿದ್ದು ಒಂದೇ ಅಲ್ವಾ?"

"ನಿಮಗೆ ಬೇಜಾರಾದ ದಿನ?"

"ಬೇಜಾರಾದ ದಿನಾನೂ ಮುಖ ಇದ್ದಲ್ಲೇ ಇರುತ್ತಲ್ಲ."

"ಸಾಲುಗಳಲ್ಲಿ ಏನ್ ಬರೀತೀರಾ? ಹೇಳ್ಬಹುದಾದ್ರೆ ಹೇಳಿ."

ಒಡ್‌ನಿ ಫೋನ್ ತೆಗೆದು, ಕನ್ನಡಕ ಹಣೆಗೇರಿಸಿ, ಜೋರಾಗಿ ಓದಿದಳು. "ಪಡುವಣ ಗಾಳಿ. ಉಪ್ಪು ಮೀನು ನೆನೆಹಾಕಿದೆ. ಬೆಕ್ಕು ವಾಂತಿ ಮಾಡಿತು." ಬೆಕ್ಕಿನ ಸಾಲಿಗೆ ನೆಲಮಾಳಿಗೆಯೆಲ್ಲ ನಕ್ಕಿತು. ಉಳಿದವರೂ ಒಂದೊಂದು ಓದಿದರು. ಎಲ್ಲವೂ ಹವಾಮಾನ, ಸೌದೆ, ಆಲೂಗಡ್ಡೆ. ಹೆರ್ಡಿಸ್ ಪರದೆಯನ್ನು ಚೀಲಕ್ಕೆ ಹಾಕಿದಳು. "ಎಲ್ರೂ ಚೆನ್ನಾಗೇ ಇದ್ದೀರಂತೆ. ಹಾಗಿದ್ರೆ ನಮಗೆ ಇದು ಯಾತಕ್ಕೆ ಬೇಕು?" ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವಳನ್ನೂ ಮೇಲಿನವರು ಕೇಳುತ್ತಾರೆ.

ಸಿವರ್ಟ್ ಮನೆಗೆ ಬಂದು ಮೂರು ದಿನ ಕೂತು ಯೋಚಿಸಿ ಒಂದು ಕೆಲಸ ಮಾಡಿದ. ಇದೇ ಊರಿನಲ್ಲಿ ಹುಟ್ಟಿದವನು ಅದನ್ನು ಮಾಡಬಾರದಿತ್ತು. ನಡುವಿನ ಮುಖವನ್ನೇ ತೆಗೆದುಹಾಕಿದ. ನಾಲ್ಕೇ ಮುಖ, ಎರಡು ನಗುವುದು, ಎರಡು ಅಳುವುದು. ಯಾವುದನ್ನಾದರೂ ಆರಿಸಲೇಬೇಕು.

ಸೋಮವಾರ ಸಂಜೆ ಮೂವತ್ತರಲ್ಲಿ ಏಳು ಜನ ಬರೆದರು. ಮಂಗಳವಾರ ನಾಲ್ಕು. ಬುಧವಾರ ಬೆಳಗ್ಗೆ ಒಡ್‌ನಿ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಳಮನೆಯ ಕಡೆ ಕೂಗಿದಳು.

"ಏಯ್ ಸಿವರ್ಟ್! ನನ್ನ ಮುಖ ಎಲ್ಲೋಯ್ತಯ್ಯಾ? ಭಾನುವಾರದವರೆಗೂ ಇತ್ತು, ಈಗ ಹುಡುಕಿದ್ರೆ ಇಲ್ಲ!"

ಅವನು ಮೇಲೆ ಬಂದ. ಗಡ್ಡ ಹೆರೆದಿರಲಿಲ್ಲ. ಕುರ್ಚಿಯಲ್ಲಿ ಕೂತು ಎರಡೂ ಕೈಯನ್ನು ಮೇಜಿನ ಮೇಲೆ ಇಟ್ಟ, ಬೇರೆ ಯಾರದೋ ಕೈ ಇಟ್ಟ ಹಾಗೆ.

"ಮತ್ತೆ ಹಾಕ್ತೀನಿ," ಅಂದ.

"ಹಾಕು. ನನಗೇನೂ ಇಲ್ಲ. ಆದ್ರೆ ಹಾಕು," ಅಂತ ಹೇಳಿ ಒಡ್‌ನಿ ಹೋದಳು.

ಮುಖವನ್ನು ಹಿಂದಕ್ಕೆ ಹಾಕಿದ. ಜನ ಮಾತ್ರ ಪೂರಾ ಹಿಂದಕ್ಕೆ ಬರಲಿಲ್ಲ. ಹತ್ತೊಂಬತ್ತು ಜನ ಬಂದರು. ಉಳಿದವರನ್ನು ಕೇಳಿದರೆ, ಫೋನ್ ಹಳೇದು, ಕಣ್ಣು ಸರಿಯಿಲ್ಲ ಅಂದರು.

ಆ ಬುಧವಾರ ಅವನಿಗೆ ಕಾಫಿ ಕೊಟ್ಟು ನಾನು ಎದುರಿಗೆ ಕೂತೆ. ಅವನು ಕಿಟಕಿ ಕಡೆ ನೋಡುತ್ತಾ, "ಯಾರೂ ಏನೂ ಬರೆಯೋದೇ ಇಲ್ಲ ಗುಡ್ವೇಯ್. ಗಾಳಿ, ಗಾಳಿ, ಗಾಳಿ. ನಾಲ್ಕು ವರ್ಷ ನಾನು ಮಾಡಿದ್ದು ಹವಾಮಾನ ಬರೆಯೋಕೆ ಒಂದು ಚೀಟಿ," ಅಂದ.

ಗುಡ್ವೇಯ್ ನಾನೇ. ನಾನು ಎದ್ದು ಕಪಾಟಿನಿಂದ ಆನ್ಸ್‌ಗಾರ್ ಅವರ ಕೊನೆಯ ಪುಸ್ತಕ ತೆಗೆದುಕೊಂಡು ಬಂದೆ. ಹಸಿರು ರಟ್ಟಿನದು. ಅದನ್ನು ತೋರಿಸಬೇಕಿತ್ತೋ ಇಲ್ಲವೋ ಈಗಲೂ ನನಗೆ ಖಾತ್ರಿಯಿಲ್ಲ. ಅವನು ದಣಿದಿದ್ದ, ನನಗೆ ಏನಾದರೂ ಕೊಡಬೇಕು ಅನ್ನಿಸಿತು, ಮನೆಯಲ್ಲಿ ಇದ್ದದ್ದು ಅದು.

"ಗಾಳಿ ಅಂದ್ರೆ ಏನೂ ಅಲ್ಲ ಅನ್ಬೇಡ," ಅಂದೆ. "ಇದನ್ನ ಓದು. ಆಗಸ್ಟ್‌ನಿಂದ."

ಅವನು ಓದಿದ. ವಾಯುವ್ಯ, ಜೋರು, ಬಲೆ ಹೊಲಿದೆ. ಪಡುವಣ, ಮಂದ, ಎರಡು ಬಕೆಟ್ ಮ್ಯಾಕರೆಲ್. ಈಶಾನ್ಯ, ಕಿಟಕಿಗೆ ಬಣ್ಣ ಹಚ್ಚಿದೆ. ಆಮೇಲೆ ಒಂದು ದಿನ: ಗಾಳಿ. ಮರುದಿನ: ಗಾಳಿ ಇದೆ. ಅದರ ಮರುದಿನ: ನಿನ್ನೆಯ ಹಾಗೇ.

"ದಿಕ್ಕು ಬಿಟ್ಟಿದಾರೆ," ಅಂದ.

"ಹೂಂ. ನಲವತ್ತೇಳು ವರ್ಷ ಬರೆದ ದಿಕ್ಕು. ಮೆಟ್ಟಿಲು ಹತ್ತೋಕೆ ಆಗ್ತಿರ್ಲಿಲ್ಲ ಅವರಿಗೆ. ನನಗೆ ಹೇಳ್ಲಿಲ್ಲ. ಬೆಳಗ್ಗೆ ಹೊರಗೆ ಹೋಗಿ, ದೋಣಿಮನೆ ಹಿಂದೆ ಸ್ವಲ್ಪ ಹೊತ್ತು ನಿಂತು ವಾಪಸ್ ಬರ್ತಿದ್ರು. ನಾನು ಮೇಲೆ ಹೋಗಿ ಬಂದ್ರು ಅಂದ್ಕೊಂಡಿದ್ದೆ. ಅವರು ಹೋದ ಮೇಲೆ ಪುಸ್ತಕ ತೆಗೆದು ನೋಡಿದಾಗ ಗೊತ್ತಾಯ್ತು. ನೋಡದೇ ಇದ್ದ ದಿಕ್ಕನ್ನ ಬರೆಯೋ ಮನುಷ್ಯ ಅಲ್ಲ ಅವರು."

ಸಿವರ್ಟ್ ಕಾಫಿ ಮುಟ್ಟಲಿಲ್ಲ. ಪುಸ್ತಕವನ್ನು ನಾಲ್ಕು ದಿನಕ್ಕೆ ಕೊಡಿ ಅಂದ. ಕೊಟ್ಟೆ.

ಎಂಟು ದಿನ ಬಿಟ್ಟು ಮೇಲೆ ಬಂದ. ಅವನ ಮುಖದಲ್ಲಿ ನಾಲ್ಕು ವರ್ಷದಲ್ಲಿ ನೋಡದ ಕಳೆ ಇತ್ತು. ಕೊನೆಯ ಎರಡು ವರ್ಷದ ಸಾಲುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದನಂತೆ. ಮನುಷ್ಯ ಯಾವಾಗಲೂ ಬರೆಯುವುದು ಏನು, ಬರೆಯುವುದನ್ನು ಬಿಟ್ಟದ್ದು ಏನು ಅಂತ ಅದು ಗುರುತು ಮಾಡುವ ಹಾಗೆ ಮಾಡಿದ್ದನಂತೆ.

"ಸೆಪ್ಟೆಂಬರ್ ಮೂರಕ್ಕೆ ಹಿಡೀತು ಗುಡ್ವೇಯ್. ಸೆಪ್ಟೆಂಬರ್ ಮೂರು! ಕಾಯಿಲೆ ಅಂತ ಅವರು ನಿಮಗೆ ಯಾವಾಗ ಹೇಳಿದ್ದು?"

"ನವೆಂಬರ್ ಇಪ್ಪತ್ತು."

ನಾನು ಮನಸ್ಸಿನಲ್ಲಿ ಎಣಿಸಿದೆ. ಎಪ್ಪತ್ತೆಂಟು ದಿನ.

ಅವರು ಹೋದ ಹೊಸತರಲ್ಲಿ ಆ ದಿನಗಳ ಮೇಲೆ ನನಗೆ ಬಹಳ ಸಿಟ್ಟಿತ್ತು. ಅಷ್ಟು ದಿನ ಒಂದೇ ಮೇಜಿನಲ್ಲಿ ಕೂತು ಉಂಡು ನನ್ನಿಂದ ಮುಚ್ಚಿಟ್ಟರಲ್ಲ ಅಂತ. ಮೊದಲೇ ಗೊತ್ತಾಗಿದ್ದರೂ ಮಾಡುವಂಥದ್ದು ಏನೂ ಇರಲಿಲ್ಲ ಅಂತ ವೈದ್ಯರು ಹೇಳಿದರು. ಹೇಳಬೇಕಲ್ಲ ಅಂತ ಹೇಳಿದರೋ ಏನೋ. ಆದರೆ ಆ ದಿನಗಳಲ್ಲಿ ಅವರು ಕಿಟಕಿಗಳಿಗೆ ಬಣ್ಣ ಹಚ್ಚಿ ಮುಗಿಸಿದರು, ಒಡ್‌ನಿಯ ಗಂಡನ ಜೊತೆ ಎರಡು ಸಲ ಇಸ್ಪೀಟು ಆಡಿದರು, ನನ್ನ ಹುಟ್ಟುಹಬ್ಬಕ್ಕೆ ಕೇಕ್ ತಂದರು. ನನಗೆ ಗೊತ್ತಾಗಿದ್ದರೆ ಅವರನ್ನು ಮಂಚದಿಂದ ಇಳಿಯಲು ಬಿಡುತ್ತಿರಲಿಲ್ಲ.

"ಗೊತ್ತಾಗಿದ್ರೆ ಚೆನ್ನಾಗಿತ್ತಾ ಅಂತ ಕೇಳ್ಬೇಡ," ಅಂದೆ. "ನನಗೇ ಗೊತ್ತಿಲ್ಲ."

ಅವನು ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಹೆರ್ಡಿಸ್‌ಗೆ ಫೋನ್ ಮಾಡಿಬಿಟ್ಟಿದ್ದ. ಮರುದಿನವೇ ಅವಳು ಬಂದಳು, ಕೆಳಮನೆಯಲ್ಲಿ ನೋಡಿದಳು, ಮೇಲೆ ಬಂದು ನನ್ನ ಕೈ ಹಿಡಿದುಕೊಂಡಳು.

"ಇದೇ ಕಣ್ರೀ ನಮಗೆ ಬೇಕಾಗಿದ್ದು! ಮುಖ ಗಿಖ ಏನೂ ಬೇಡ. ಸಾಲುಗಳನ್ನ ಯಂತ್ರ ಓದ್ಲಿ. ಮನುಷ್ಯರು ಓದಲ್ಲ, ಬರೀ ಯಂತ್ರ. ಯಾರೋ ಒಬ್ರು ಏನೋ ಬರೆಯೋದು ಬಿಟ್ರು ಅಂದ್ರೆ ನಮಗೊಂದು ಗಂಟೆ ಬಾರ್ಸಿದ್ರೆ ಸಾಕು."

"ಬೀಗ?" ಅಂದೆ.

"ಬೀಗ ತೆಗೀಬೇಕು," ಅಂದ ಸಿವರ್ಟ್. ನನ್ನ ಕಡೆ ನೋಡಲಿಲ್ಲ. "ಎಲ್ರನ್ನೂ ಕೇಳ್ತೀನಿ. ಕೇಳದೆ ತೆಗೆಯಲ್ಲ."

"ಒಬ್ರೂ ಬೇಡ ಅನ್ನಲ್ಲ ಬಿಡು," ಅಂದಳು ಹೆರ್ಡಿಸ್. ಅದು ಸರಿಯೇ. ನಮ್ಮವರು ಅವಳಿಗೂ ಗೊತ್ತು.

ಎಲ್ಲರನ್ನೂ ಕೇಳುವ ಗುರುವಾರಕ್ಕೆ ಮುಂಚಿನ ದಿನ ಒಡ್‌ನಿ ಬಂದು, ಸ್ವೆಟರಿನ ತೋಳು ಹೆಣೆಯುತ್ತಾ ಕೂತಳು. ವಿಷಯ ಅವಳ ಕಿವಿಗೆ ಆಗಲೇ ಬಿದ್ದಿತ್ತು.

"ಯಂತ್ರ ಓದುತ್ತೆ ಅಂದ್ರೆ ನಾನು ಯಂತ್ರಕ್ಕೆ ಬರೀತೀನಿ ಕಣೇ. ದಿನಾ ಒಂದೇ ಥರ. ಪಡುವಣ ಗಾಳಿ, ಮೀನು, ಬೆಕ್ಕು. ಬೆಕ್ಕು ಸತ್ರೂ ವಾಂತಿ ಮಾಡಿಸ್ತೀನಿ."

"ಹಾಗಿದ್ರೆ ನಾಳೆ ಬೇಡ ಅನ್ನು."

"ಯಾಕೆ, ನೀನು ಅನ್ನು. ನಿನ್ನ ಬಾಡಿಗೆಯವನು." ಎರಡು ಸಾಲು ಹೆಣೆದಳು. "ನಿಜ ಹೇಳ್ಲಾ? ಈ ಹತ್ತು ವಾರದಲ್ಲಿ ನಾನು ಒಂದು ದಿನ ಬೇರೆ ಏನೋ ಬರೆದಿದ್ದೆ. ನಮ್ಮ ಮನೆಯವರ ವಿಷ್ಯ. ಬೀಗ ಇದೆಯಲ್ಲ ಅಂತ ಬರೆದೆ. ಬರೆದ ಮೇಲೆ ನಿದ್ದೆ ಬಂತು."

ಏನು ಬರೆದಿದ್ದಳೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅದನ್ನು ನಾನು ಸಿವರ್ಟ್‌ಗೂ ಹೇಳಲಿಲ್ಲ. ನನ್ನದಲ್ಲದ ಮಾತು ಅದು.

ಮಾರ್ಚ್ ಹದಿನಾರು, ಗುರುವಾರ. ತೆಂಕಣ ಗಾಳಿ, ಹಿಮ ಕರಗುತ್ತಿತ್ತು. ನೆಲಮಾಳಿಗೆಯಲ್ಲಿ ಹತ್ತೊಂಬತ್ತು ಜನ. ಹೆರ್ಡಿಸ್ ಕಾರಿನ ಕೀಲಿ ಹಿಡಿದುಕೊಂಡು ಬಾಗಿಲ ಪಕ್ಕ ನಿಂತಿದ್ದಳು. ಸಿವರ್ಟ್ ಎಲ್ಲವನ್ನೂ ಬಿಡಿಸಿ ಹೇಳಿದ, ಏನನ್ನೂ ಮುಚ್ಚಿಡಲಿಲ್ಲ. ಬೀಗ ತೆಗೆಯುತ್ತೇನೆ, ಯಂತ್ರ ಓದುತ್ತದೆ, ಏನಾದರೂ ಬದಲಾದರೆ ಕಚೇರಿಗೆ ತಿಳಿಸುತ್ತದೆ. ಆಮೇಲೆ ಕೇಳಿದ, "ಇದು ಆಗಬಹುದು ಅನ್ನೋರು ಕೈ ಎತ್ತಿ."

ಮೊದಲು ಒಬ್ಬರು ಎತ್ತಿದರು. ಅವರನ್ನು ನೋಡಿ ಇನ್ನೊಬ್ಬರು. "ನಂದೇನೂ ಇಲ್ಲಪ್ಪ," ಅಂತ ಯಾರೋ ಅಂದರು. "ನಂದೂ ಅಷ್ಟೇ," ಅಂತ ಇನ್ಯಾರೋ. ಒಡ್‌ನಿ ತಟ್ಟೆ ನೋಡುತ್ತಾ ಎತ್ತಿದಳು. ನಾನೂ ಎತ್ತಿದೆ. ಎತ್ತಬಾರದು ಅಂದುಕೊಂಡೇ ಹೋಗಿದ್ದೆ. ಹದಿನೆಂಟು ಜನ ಎತ್ತಿರುವಾಗ ಒಬ್ಬಳೇ ಕೈ ಮಡಿಲಲ್ಲಿ ಇಟ್ಟುಕೊಂಡು ಕೂರುವುದು ನನ್ನಿಂದ ಆಗಲಿಲ್ಲ. ಅವನ ನಾಲ್ಕು ವರ್ಷ ಹಾಳು ಮಾಡಿದವಳು ನಾನಾಗುವುದೂ ಬೇಡವಾಗಿತ್ತು. ಎಂಬತ್ತೊಂದು ವರ್ಷ, ಇನ್ನೂ ಅದಕ್ಕೆ ಧೈರ್ಯ ಬಂದಿಲ್ಲ.

ಸಿವರ್ಟ್ ಎಣಿಸುತ್ತಾ ಬಂದ. ಹತ್ತೊಂಬತ್ತಕ್ಕೆ ಹತ್ತೊಂಬತ್ತು. ಅಲ್ಲೇ ನಿಂತ. ಕೈಗಳನ್ನೇ ನೋಡಿದ. ನಾನೂ ತಿರುಗಿ ನೋಡಿದೆ. ಎಲ್ಲರ ಕೈಯೂ ಕಿವಿಯ ಮಟ್ಟಕ್ಕೆ ಇತ್ತು. ಒಂದೂ ಅದಕ್ಕಿಂತ ಮೇಲಿರಲಿಲ್ಲ, ಒಂದೂ ಕೆಳಗಿರಲಿಲ್ಲ. ಹೆರ್ಡಿಸ್ ತಂದಿದ್ದ ಪರದೆಯ ಮೇಲಿನ ಗೆರೆಯ ಹಾಗೇ.

ಅವನು ಉಸಿರು ಒಳಗೆ ಎಳೆದುಕೊಂಡು "ಹೂಂ" ಅಂದ. ಆಮೇಲೆ, "ಕೈ ಇಳಿಸಿ. ಕಾಫಿ ಆರುತ್ತೆ," ಅಂದ.

ಹೊರಗೆ ಅಂಗಳದಲ್ಲಿ ಹೆರ್ಡಿಸ್ ಅವನನ್ನು ತಡೆದು ನಿಲ್ಲಿಸಿದಳು. ನಾನು ಗೋಡೆಯ ಹತ್ತಿರ ಜಾರದ ಹಾಗೆ ಬೂಟಿಗೆ ಮುಳ್ಳುಪಟ್ಟಿ ಕಟ್ಟಿಕೊಳ್ಳುತ್ತಿದ್ದೆ.

"ಎಲ್ರೂ ಎತ್ತಿದ್ರಲ್ಲ ಮಾರಾಯ!"

"ಎತ್ತಿದ್ರು. ನೋಡ್ದೆ."

"ಮತ್ತೇನು?"

"ಅವರು ಬೇಡ ಅಂದ್ರು ಹೆರ್ಡಿಸ್. ನಿನಗೆ ಕಾಣ್ಲಿಲ್ವಾ?"

"ನಾನು ಇದನ್ನ ಮೇಲಿನವರಿಗೆ ಹೇಗೆ ಹೇಳ್ಲಿ? ಹತ್ತೊಂಬತ್ತು ಕೈ ಎದ್ದಿದ್ದು ಬೇಡ ಅನ್ನೋಕೆ ಅಂತ ಹೇಳ್ಲಾ?"

"ನನಗೆ ಗೊತ್ತಿಲ್ಲ," ಅಂದ. "ಬೀಗ ಮಾತ್ರ ತೆಗೆಯಲ್ಲ. ಮೂರು ಸಲ ಹೇಳಿದ್ದೀನಿ ಅವರಿಗೆ."

ಅವಳು ಕಾರು ಹತ್ತುವ ಮುಂಚೆ ಅವನ ತೋಳು ತಟ್ಟಿದಳು. ಜಗಳವಿಲ್ಲ. ಹತ್ತು ದಿನಕ್ಕೆ ಪತ್ರ ಬಂತು, ಪ್ರಯೋಗಕ್ಕೆ ಧನ್ಯವಾದ, ಸದ್ಯಕ್ಕೆ ಮುಂದುವರಿಸುತ್ತಿಲ್ಲ ಅಂತ. ಪತ್ರವನ್ನು ಅವನು ಮೇಲೆ ತಂದು ನನಗೆ ತೋರಿಸಿ, ಮತ್ತೆ ಮಡಚಿ, ಸೌದೆಯ ಬುಟ್ಟಿಯಲ್ಲಿ ಬೆಂಕಿ ಹೊತ್ತಿಸುವ ಕಾಗದಗಳ ಮೇಲೆ ಇಟ್ಟ.

"ನಾನು ಆ ಪುಸ್ತಕ ತೋರಿಸ್ಬಾರ್ದಿತ್ತು," ಅಂದೆ.

"ಇಲ್ಲ ಇಲ್ಲ," ಅಂದ. ಅಷ್ಟೇ ಅಂದ. ಆಮೇಲೆ ಒಂದು ವಾರ ಅವನ ಕಿಟಕಿಯಲ್ಲಿ ಪರದೆ ಬೆಳಗಲಿಲ್ಲ. ನಾನು ದಿನಾ ಬೆಳಗ್ಗೆ ಅಲ್ಲಿ ನಿಂತು, ಒಳಗೆ ನಲ್ಲಿಯ ಸದ್ದು ಕೇಳಿಸಿದ ನಂತರ ಮೇಲೆ ಬರುತ್ತಿದ್ದೆ. ಎಂಟನೇ ದಿನ ಬಾಗಿಲು ತಟ್ಟಿ, ಮೊಟ್ಟೆ ಇದೆಯಾ ಅಂತ ಕೇಳಿದೆ.

"ಎಷ್ಟು ಬೇಕು?" ಅಂದ.

"ನನಗಲ್ಲ. ನಿನ್ನ ಹತ್ರ ಇದೆಯಾ ಅಂತ ಕೇಳಿದ್ದು."

"ಮೂರಿದೆ," ಅಂದ.

"ಬೇಯ್ಸ್ಕೊ ಹಾಗಿದ್ರೆ."

ಮೇ ತಿಂಗಳಲ್ಲಿ ಆಚೆ ದ್ವೀಪದ ಸಾಲ್ಮನ್ ಸಾಕಣೆಯಲ್ಲಿ ಕೆಲಸಕ್ಕೆ ಸೇರಿದ. ಅಲ್ಲೂ ಪರದೆಗಳ ಮುಂದೆ ಕೂರುವುದು, ನೀರಿನ ಕೆಳಗೆ ಮೀನು ತಿನ್ನುತ್ತಿವೆಯಾ ಇಲ್ಲವಾ ಅಂತ ನೋಡುವುದು. ಏಳು ದಿನ ಹೋದರೆ ಏಳು ದಿನ ಮನೆ. "ಮೀನುಗಳಿಗೆ ನಡುವಿನ ಮುಖ ಒಂದೇ ಇರೋದು," ಅಂತ ಒಡ್‌ನಿ ಅವನನ್ನು ಕಾಡಿಸುತ್ತಾಳೆ. ಬಂದು ಬೂಟು ಬಿಚ್ಚಿ ಮಲಗಿಬಿಡುತ್ತಾನೆ. ಸ್ಕೀಗಳು ಇನ್ನೂ ಮೆಟ್ಟಿಲ ಕೆಳಗೇ ಇವೆ. "ಇವತ್ತು" ಮಾತ್ರ ಸತ್ತಿಲ್ಲ. ರಜೆಯ ವಾರದಲ್ಲಿ ಒಂದು ದಿನ ಕೂತು ಐದು ಮುಖಗಳನ್ನೂ ತೆಗೆದುಹಾಕಿದ. ಈಗ ಅದರಲ್ಲಿ ತಾರೀಕು, ಗಾಳಿ, ಮೂರು ಸಾಲು, ಬೀಗ. ಹನ್ನೊಂದು ಜನ ಬರೆಯುತ್ತೇವೆ. ಏನು ಬರೆಯುತ್ತೇವೆ ಅಂತ ಒಬ್ಬರನ್ನೊಬ್ಬರು ಕೇಳುವುದಿಲ್ಲ. ನಾನು ಅದರಲ್ಲೂ ಬರೆದು ಪುಸ್ತಕದಲ್ಲೂ ಬರೆಯುತ್ತೇನೆ. ಎರಡು ಲೋಟ ಕಾಫಿ ಆರುತ್ತದೆ.

ಈ ವರ್ಷ ಜನವರಿಯಲ್ಲಿ ನನ್ನ ಎಡ ಮಂಡಿ ಊದಿಕೊಂಡಿತು. ಮೂವತ್ತನಾಲ್ಕು ಮೆಟ್ಟಿಲು ದೂರದ ಮಾತು, ಹೊಸಿಲು ದಾಟುವುದೇ ಹೆಚ್ಚು. ನಾನು ಅಡುಗೆಮನೆಯ ಕಿಟಕಿಯಲ್ಲಿ ಕೂತು ಒಡ್‌ನಿಯ ಮನೆಯ ಹೊಗೆ ಯಾವ ಕಡೆ ಬಾಗುತ್ತದೆ ಅಂತ ನೋಡಿ ಬರೆದೆ. ಹೊಗೆ ಸುಳ್ಳು ಹೇಳುತ್ತದೆ, ಅವಳ ಮನೆ ಬಂಡೆಯ ಮರೆಯಲ್ಲಿದೆ, ಅಲ್ಲಿ ಗಾಳಿ ತಿರುಗುತ್ತದೆ. ಅದು ಗೊತ್ತಿದ್ದೂ ಮೂರು ದಿನ ಬರೆದೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನು ಅದರಲ್ಲಿ.

ನಾಲ್ಕನೇ ದಿನ ಸಿವರ್ಟ್‌ನ ಮನೆಯ ವಾರ ಶುರುವಾಗಿತ್ತು. ಬೆಳಗ್ಗೆ ಒಂಬತ್ತೂವರೆಗೆ, ಸ್ವಲ್ಪ ಬೆಳಕಾದ ಮೇಲೆ, ಅಡುಗೆಮನೆಯ ಬಾಗಿಲು ತೆರೆಯಿತು. ಅವನು ಮಂಡಿಯವರೆಗೆ ಹಿಮ ಮೆತ್ತಿಕೊಂಡು ಹೊಸಿಲ ಆಚೆ ನಿಂತಿದ್ದ. ಕೆಳಮನೆಯ ಹಿಂದಿನ ಕಿಟಕಿ ಮೆಟ್ಟಿಲ ಕಡೆಗೇ ಇದೆ. ಮೆಟ್ಟಿಲ ಮೇಲಿನ ಹಿಮದಲ್ಲಿ ಹೆಜ್ಜೆ ಇಲ್ಲದ್ದು ಅಲ್ಲಿಂದ ಕಂಡಿರಬೇಕು.

"ನೈಋತ್ಯ," ಅಂದ. "ಸಾಧಾರಣ. ಪಟ್ಟಿ ಬಾವುಟದ ತುದಿ ಹರಿದಿದೆ."

"ಒಳಗೆ ಬಾ. ಕಾಫಿ ಇದೆ."

"ಬೂಟೆಲ್ಲಾ ಹಿಮ. ಆಮೇಲೆ ಬರ್ತೀನಿ."

ಬಾಗಿಲು ಹಾಕಿಕೊಂಡು ಹೋದ. ಮಂಡಿ ಹೇಗಿದೆ ಅಂತ ಅವನು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಪುಸ್ತಕ ತೆಗೆದೆ. ನೋಡದೇ ಇದ್ದ ದಿಕ್ಕನ್ನು ನೋಡಿದ ಹಾಗೆ ಬರೆದುಕೊಂಡಿದ್ದ ಮೂರು ದಿನದ ಮೇಲೂ ಗೆರೆ ಎಳೆದು, ಪಕ್ಕದಲ್ಲಿ "ಗಾಳಿ" ಅಂತಷ್ಟೇ ಬರೆದೆ. ಆಮೇಲೆ ಅವತ್ತಿನ ಸಾಲು ಬರೆದೆ, ನಿಧಾನಕ್ಕೆ, ಕಾಫಿ ಪೂರಾ ಆರುವವರೆಗೆ.

ನೈಋತ್ಯ, ಸಾಧಾರಣ. ಸಿವರ್ಟ್ ಹತ್ತಿ ನೋಡಿ ಬಂದು ಹೇಳಿದ.